ಬಾಣಂತಿಗೆ ಬೆಚ್ಚಗಿನ ಜೆಲ್ಲಿ

೧೯೯೮ರಲ್ಲಿ ನಾನು ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಜಿಶಿಯನ್ ಆಗಿದ್ದೆ. ಫಿಜಿಶಿಯನ್ ಎಂದರೆ ಕತ್ತರಿ ಹಿಡಿಯದ, ಗುಳಿಗೆ-ಇಂಜೆಕ್ಷನ್ನಿನ ಡಾಕ್ಟರು. ಹೃದಯದ ರೋಗಿಗಳಿಗೆಂದು ನಮ್ಮಲ್ಲಿ ಎರಡು ಹಾಸಿಗೆಯ ಒಂದು ಕೋಣೆ ಇತ್ತು. ಅದರೊಳಗೆ ಒಂದು ಮಾನಿಟರು, ಒಂದು ಇ.ಸಿ.ಜಿ. ಯಂತ್ರ, ತಾಳ ತಪ್ಪಿದ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು ಕೊಡುವ ಒಂದು ಡಿಫಿಬ್ರಿಲೇಟರ್. ಅದಕ್ಕಿಂತ ಹೆಚ್ಚಿನದು ಬೇಕಾದರೆ ಬೆಳಗಾವಿಗೆ ಹೋಗಬೇಕು. ಕ್ಯಾಸಲ್‌ರಾಕಿನ ರೇಲ್ವೆಯವರು, ಕುಳಗಿಯ ಫಾರೆಸ್ಟ್ ಗಾರ್ಡುಗಳು, ಜೋಯಿಡಾದ ಒಳಹಳ್ಳಿಯವರು, ಹಳಿಯಾಳದ ರೈತರು ಎಲ್ಲರೂ ನಮ್ಮಲ್ಲಿಗೆ ಬರುತ್ತಿದ್ದರು. ಹೃದಯಾಘಾತದ ರೋಗಿ ಅಂದರೆ ಹೀಗಿರುತ್ತಾನೆ ಎಂದು ನನ್ನ ಮನಸ್ಸಿನಲ್ಲಿ ಒಂದು ಅಚ್ಚು ಇತ್ತು: ಐವತ್ತು ದಾಟಿದ ಗಂಡಸು, ಜೇಬಿನಲ್ಲಿ ಬೀಡಿ ಕಟ್ಟು, ಒಂದಿಷ್ಟು ಹೊಟ್ಟೆ. ಆ ಅಚ್ಚನ್ನು ಒಡೆದು ಹಾಕಿದವಳು ಸುವರ್ಣಾ ಎಂಬ ಬಾಣಂತಿ.

ಸುವರ್ಣಾಗೆ ಆಗ ಇಪ್ಪತ್ತಾರು ವರ್ಷ. ಗಂಡ ಮಲ್ಲೇಶಿ ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಂಬೇವಾಡಿಯಲ್ಲಿ ಬಾಡಿಗೆ ಮನೆ. ಒಬ್ಬ ಮಗಳಿದ್ದಳು, ಈಗ ಎರಡನೆಯದೂ ಹೆಣ್ಣುಕೂಸು. ನಮ್ಮ ಕಡೆ ಬಾಣಂತನಕ್ಕೆ ತವರಿಗೆ ಹೋಗುವುದು ರೂಢಿ. ಆದರೆ ಆ ಚಳಿಗಾಲ ಹಳಿಯಾಳ ಹತ್ತಿರದ ಅವಳ ತವರಿನಲ್ಲಿ ಹಳೇ ಹೆಂಚು ಇಳಿಸಿ ಹೊಸ ಮಾಡು ಹಾಕುವ ಕೆಲಸ ಹಿಡಿದಿದ್ದರು. ಮೇಲೆ ಸೂರಿಲ್ಲದ ಮನೆಗೆ ಬಾಣಂತಿಯನ್ನು ಕರೆದೊಯ್ಯುವುದು ಹೇಗೆ? ಹಾಗಾಗಿ ತಾಯಿ ಬಸವ್ವನೇ ಮಗಳ ಮನೆಗೆ ಬಂದಳು. ಬರಿಗೈಲಿ ಬರಲಿಲ್ಲ, ಇಡೀ ಬಾಣಂತಿ ಕೋಣೆಯನ್ನೇ ಟೆಂಪೋದಲ್ಲಿ ಹೇರಿಕೊಂಡು ಬಂದಳು. ಬಾಣಂತಿ ಮಲಗುವ ಹೊರಸು, ಹೊರಸಿನ ಕೆಳಗೆ ಕೆಂಡ ತುಂಬಿ ಇಡುವ ಶೇಗಡಿ, ಒಂದು ಚೀಲ ಇದ್ದಿಲು, ಹೊಗೆ ಹಾಕಲು ಲೋಬಾನ, ಹಾಲು ಹೆಚ್ಚಲು ಅಳವಿ ಬೀಜ, ಅಂಟಿನ ಉಂಡಿಯ ಡಬ್ಬಿ. ಬಂದವಳೇ ಕೋಣೆಗಿದ್ದ ಒಂದೇ ಒಂದು ಕಿಟಕಿಗೆ ಹಳೇ ಕೌದಿ ಬಡಿದಳು, ಸಂದಿಗಳಿಗೆಲ್ಲ ಬಟ್ಟೆ ತುರುಕಿದಳು. ಮಲ್ಲೇಶಿ ಆಮೇಲೊಮ್ಮೆ ನನಗೆ ಹೇಳಿದ: “ನಮ್ಮನ್ಯಾಗ ಗಾಳಿಗೆ ಪರವಾನಗಿ ಇರಲಿಲ್ರಿ ಸಾಹೇಬ್ರ. ನನಗೂ ಇರಲಿಲ್ಲ.”

ಹೆರಿಗೆ ಸುಖವಾಗಿಯೇ ಆಗಿತ್ತು. ಒಂದು ವಾರ ಕಳೆದ ಮೇಲೆ ಎಡ ಎದೆಯಲ್ಲಿ ನೋವು ಶುರುವಾಯಿತು. ಬಾಣಂತಿಗೆ ಎದೆ ನೋಯುತ್ತದೆ ಅಂದರೆ ಬಸವ್ವನಿಗೆ ಅದರಲ್ಲಿ ವಿಚಾರ ಮಾಡುವಂಥದ್ದು ಏನೂ ಇರಲಿಲ್ಲ. ಹಾಲು ಕಟ್ಟಿದೆ, ಅಷ್ಟೇ. ಉಪ್ಪಿನ ಗಂಟು ಬಿಸಿ ಮಾಡಿ ಕಾಸಿದಳು, ಕೂಸನ್ನು ಎಡಗಡೆಗೇ ಹಾಕಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಮರುದಿನ ಮತ್ತೆ ಬಂತು, ಮತ್ತೆ ಉಪ್ಪಿನ ಗಂಟು, ಮತ್ತೆ ಇಳಿಯಿತು. ಮೋಸ ಇದ್ದದ್ದೇ ಇಲ್ಲಿ. ಆ ನೋವು ತಾನಾಗಿ ಬಂದು ತಾನಾಗಿ ಹೋಗುವಂಥದ್ದು. ಆದರೆ ಅದು ಹೋಗುವ ಹೊತ್ತಿಗೆ ಉಪ್ಪಿನ ಗಂಟು ಅಲ್ಲೇ ಇರುತ್ತಿದ್ದುದರಿಂದ ಒಳ್ಳೆಯ ಹೆಸರು ಅದಕ್ಕೆ ಬರುತ್ತಿತ್ತು. ಮೂರನೆಯ ಸಲ ನೋವು ಬಂದಾಗ ಮೈಯೆಲ್ಲ ಬೆವರಿತು. ಶೇಗಡಿಯ ಕಾವಿಗೆ ಬೆವರು ಬಿಡುತ್ತಿದೆ, ನಂಜು ಇಳಿಯುತ್ತಿದೆ ಎಂದು ಬಸವ್ವ ಇನ್ನೂ ನಾಲ್ಕು ಇದ್ದಿಲು ಹಾಕಿದಳು. ಈ ಸಲ ನೋವು ಇಳಿಯಲಿಲ್ಲ. ಮಲ್ಲೇಶಿ ಅತ್ತೆಯ ಮಾತು ಕೇಳದೆ ಆಟೋ ತಂದ.

ಬಾಣಂತಿಯರನ್ನು ನೋಡುತ್ತಿದ್ದ ನಮ್ಮ ಲೇಡಿ ಡಾಕ್ಟರು ಆ ದಿನ ರಜೆಯಲ್ಲಿದ್ದರು. ಹೀಗಾಗಿ ಬೆಳಗಿನ ಓ.ಪಿ.ಡಿ.ಯಲ್ಲಿ ನನ್ನ ಎದುರಿಗೆ ಬಂದು ಕುಳಿತರು. ತಲೆಗೆ ಮಫ್ಲರು, ಕಿವಿಯಲ್ಲಿ ಹತ್ತಿ, ಮೈಮೇಲೆ ಎರಡು ಶಾಲು. ಆ ಗಂಟಿನೊಳಗೆ ಒಂದು ಬಿಳಿಚಿದ ಮುಖ. ಬಸವ್ವನ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಕುಡಗೋಲು. ಬಾಣಂತಿ ಹೊಸ್ತಿಲು ದಾಟಿದರೆ ಜೊತೆಗೆ ಕಬ್ಬಿಣ ಇರಬೇಕಲ್ಲ.

“ಇದನ್ನ ಹೊರಗ ಇಡಬೇಕೇನ್ರಿ?” ಎಂದು ಕೇಳಿದಳು.

“ಇರಲಿ ಯವ್ವಾ, ನನ್ನ ಕಡೆ ತಿರುಗಿಸಬ್ಯಾಡ ಅಷ್ಟ” ಅಂದೆ.

ನಗಲಿಲ್ಲ. “ಹಾಲ ಕಟ್ಟ್ಯಾವ್ರಿ. ಒಂದ ಗುಳಿಗಿ ಕೊಟ್ಟ ಕಳಸ್ರಿ. ಅಲ್ಲಿ ಶೇಗಡಿ ಆರತೈತಿ.”

ಹೊರಗೆ ಉದ್ದ ಸಾಲಿತ್ತು. ಹಾಲು ಕಟ್ಟುವುದು ಬಾಣಂತಿಯರಲ್ಲಿ ದಿನಾ ಕಾಣುವ ತೊಂದರೆ. ಚೀಟಿ ಬರೆಯಲು ಪೆನ್ನು ತೆರೆದೂ ಆಗಿತ್ತು. ಆಗ ಆ ಶಾಲಿನ ಗಂಟಿನೊಳಗಿಂದ ಸುವರ್ಣಾ ಮಾತಾಡಿದಳು. ತಾಯಿಗೆ ಹೇಳಿದ್ದು, ನನಗಲ್ಲ.

“ಯವ್ವಾ, ಇದು ಹಾಲಿಂದಲ್ಲಬೇ. ಮೊದಲನೇದರಾಗ ಹಾಲ ಕಟ್ಟಿತ್ತಲ್ಲ, ಅದು ಮುಟ್ಟಿದ್ರ ನೋಯ್ತಿತ್ತು. ಇದು ಮುಟ್ಟಿದ್ರ ಏನೂ ಇಲ್ಲ. ಒಳಗ ಯಾರೋ ಎದಿ ಮ್ಯಾಲ ಮೊಣಕಾಲು ಊರಿ ಕುಂತಂಗ ಆಗತೈತಿ. ದವಡಿಗೆ ಏರತೈತಿ.”

“ಸುಮ್ಮನಿರ. ಎರಡ ಹಡದು ನನಗ ಹೇಳಾಕ ಬರ್ತಾಳ. ನಾ ಐದ ಹಡದೇನಿ.”

ದವಡೆಗೆ ಏರುವ ನೋವು ಎಂಬ ಮಾತು ಡಾಕ್ಟರನ ಕಿವಿಯಲ್ಲಿ ಗಂಟೆ ಬಾರಿಸಿದ ಹಾಗೆ. ಹೃದಯದ ನೋವು ಎದೆಯಲ್ಲಷ್ಟೇ ಇರದೆ ಎಡತೋಳಿಗೆ, ದವಡೆಗೆ ಹಬ್ಬುತ್ತದೆ. ಮುಚ್ಚಿದ ಕೋಣೆಯ ಇದ್ದಿಲ ಹೊಗೆ ತಲೆಗೇರಿರಬಹುದೇ ಎಂದೂ ಒಂದು ಗಳಿಗೆ ಅನಿಸಿತು. ಹಾಲಿನ ಗಂಟಾಗಲಿ, ಊತವಾಗಲಿ ಇಲ್ಲವೆಂದು ಸಿಸ್ಟರ್ ಫಿಲೋಮಿನಾ ನೋಡಿ ಹೇಳಿದಳು. ಇ.ಸಿ.ಜಿ. ತೆಗೆಯಲು ಹೇಳಿದೆ.

ಫಿಲೋಮಿನಾ ಜೋಯಿಡಾ ಕಡೆಯವಳು, ಮನೆಮಾತು ಕೊಂಕಣಿ. ಮಾತು ಕಡಿಮೆ, ಕೈ ಚುರುಕು. ಇ.ಸಿ.ಜಿ. ತೆಗೆಯುವಾಗ ತಂತಿಯ ತುದಿಯ ಬಟ್ಟಲುಗಳನ್ನು ಎದೆಗೆ ಅಂಟಿಸುತ್ತಾರೆ. ಅಂಟುವ ಜಾಗಕ್ಕೆ ಮೊದಲು ಒಂದು ಜೆಲ್ಲಿ ಹಚ್ಚಬೇಕು. ಅವಳು ಜೆಲ್ಲಿಯ ಟ್ಯೂಬು ಎತ್ತಿದ್ದೇ ತಡ, ಕುಡಗೋಲನ್ನು ಆಗಲೇ ಮಗಳ ದಿಂಬಿನ ಕೆಳಗಿಟ್ಟಿದ್ದ ಬಸವ್ವ ಅವಳ ಮಣಿಕಟ್ಟು ಹಿಡಿದಳು.

“ನರ್ಸಬಾಯಿ, ಅದು ತಣ್ಣಗ ಐತೇನು?”

“ಹೂಂ ಆಯಿ, ತಂಪು ಇರ್ತೈತಿ.”

“ಹಂಗಾರ ಹಚ್ಚಬ್ಯಾಡ. ಬಾಣಂತಿ ಎದಿಗೆ ತಣ್ಣಂದು ತಾಗಿಸಿ ನಾಳೆ ಏನರ ಆದ್ರ, ಈ ನಿಮ್ಮ ಮಿಷನ್ನ ಬಂದು ಕೂಸಿಗೆ ಹಾಲ ಕುಡಸತೈತೇನು?”

ನಾನು ಪರದೆಯ ಹೊರಗಿದ್ದೆ. ನನಗೆ ಸಿಟ್ಟು ಬಂದಿತ್ತು. ಫಿಲೋಮಿನಾಗೆ ಬರಲಿಲ್ಲ. ಸಿರಿಂಜು ಕುದಿಸುವ ಪಾತ್ರೆಯಿಂದ ಒಂದಿಷ್ಟು ಬಿಸಿನೀರನ್ನು ಟ್ರೇಗೆ ಬಗ್ಗಿಸಿ, ಟ್ಯೂಬನ್ನು ಅದರಲ್ಲಿ ಅದ್ದಿಟ್ಟಳು. ಆಮೇಲೆ ಒಂದು ಹನಿಯನ್ನು ಬಸವ್ವನ ಕೈಮೇಲೆ ಹಿಂಡಿದಳು. ಕೂಸಿಗೆ ಎರೆಯುವ ನೀರಿನ ಬಿಸಿ ನೋಡುವ ಹಾಗೆ ಬಸವ್ವ ಅದನ್ನು ಬೆರಳಿನಿಂದ ತೀಡಿ ನೋಡಿ, “ಹೂಂ, ಈಗ ಹಚ್ಚ” ಎಂದಳು. ಇಷ್ಟಕ್ಕೆ ಹಿಡಿದ ಸಮಯ ವಾದಕ್ಕೆ ನಿಂತಿದ್ದರೆ ಹಿಡಿಯುತ್ತಿದ್ದ ಸಮಯಕ್ಕಿಂತ ಬಹಳ ಕಡಿಮೆ.

ಇ.ಸಿ.ಜಿ. ಪಟ್ಟಿ ನೋಡಿ ತಂತಿ ಅದಲು ಬದಲಾಗಿರಬೇಕು ಅಂದುಕೊಂಡೆ. ಇನ್ನೊಮ್ಮೆ ತೆಗೆಸಿದೆ. ಅದೇ ಗೆರೆ. ಹೃದಯದ ಮುಂಭಾಗಕ್ಕೆ ರಕ್ತ ಹೋಗುವುದು ನಿಂತಿದೆ, ಸ್ನಾಯು ಸಾಯುತ್ತಿದೆ ಎಂದು ಆ ಗೆರೆ ಹೇಳುತ್ತಿತ್ತು. ಮೈಗೆಲ್ಲ ರಕ್ತ ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ತಂದುಕೊಡುವವೇ ಕರೋನರಿ ರಕ್ತನಾಳಗಳು. ಸಾಮಾನ್ಯವಾಗಿ ವರ್ಷಗಟ್ಟಲೆ ಕೊಬ್ಬು ಕೂತು ಅವು ಕಟ್ಟಿಕೊಳ್ಳುತ್ತವೆ. ಇವಳಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ತಂಬಾಕಿನ ವಾಸನೆ ಸಹ ಗೊತ್ತಿಲ್ಲ. ಆದರೂ ಹೃದಯಾಘಾತ.

ಆಗಿನ ದಿನಗಳಲ್ಲಿ ನಮ್ಮ ಕೈಯಲ್ಲಿದ್ದ ದೊಡ್ಡ ಅಸ್ತ್ರ ಸ್ಟ್ರೆಪ್ಟೊಕೈನೇಸ್, ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ. ಫ್ರಿಜ್ಜಿನಲ್ಲಿ ಇತ್ತು. ಆದರೆ ಹೆರಿಗೆಯಾಗಿ ಇನ್ನೂ ಎರಡು ವಾರ ತುಂಬಿರಲಿಲ್ಲ. ಹೆಪ್ಪು ಕರಗಿಸುವ ಔಷಧಕ್ಕೆ ಇದು ಹೃದಯ, ಇದು ಗರ್ಭಕೋಶ ಎಂಬ ಭೇದವಿಲ್ಲ; ಹಸಿ ಬಾಣಂತಿಗೆ ಕೊಟ್ಟರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟವಾಗುತ್ತಿತ್ತು. ಕೊಡಲಿಲ್ಲ. ಆಸ್ಪಿರಿನ್ನು, ಆಮ್ಲಜನಕ, ನೋವಿನ ಇಂಜೆಕ್ಷನ್ನು ಕೊಟ್ಟು ಮಾನಿಟರಿಗೆ ಜೋಡಿಸಿದೆವು. ಬೆಳಗಾವಿಯ ರಸ್ತೆಯ ಮೇಲೆ ಏನಾದರೂ ಆದರೆ ಆಂಬುಲೆನ್ಸಿನಲ್ಲಿ ನಮ್ಮ ಕೈ ಕಟ್ಟಿದಂತೆ. ಆದ್ದರಿಂದ ಮೊದಲು ಇಲ್ಲೇ ಸ್ಥಿರವಾಗಲಿ ಎಂದು ಮಲ್ಲೇಶಿಗೆ ಹೇಳಿದೆ. ಹಠಾತ್ತನೆ ಹೃದಯ ನಿಲ್ಲುವ ಅಪಾಯ ಮೊದಲ ದಿನವೇ ಹೆಚ್ಚು ಎಂದೂ ಮುಚ್ಚಿಡದೆ ಹೇಳಿದೆ.

ಅವನು ತಲೆ ಅಲ್ಲಾಡಿಸಿದ. “ನಮ್ಮತ್ತಿಗೆ ಇದನ್ನ ನೀವ ಹೇಳ್ರಿ ಸಾಹೇಬ್ರ. ನಾ ಹೇಳಿದ್ರ, ಆಟೋದಾಗ ಗಾಳಿ ಬಡದ ಹಿಂಗಾತಂತ ನನ್ನ ಮ್ಯಾಲ ಹಾಕ್ತಾರ.”

ಮಧ್ಯಾಹ್ನ ಊಟದ ಹೊತ್ತು. ನೋವು ಇಳಿದಿತ್ತು. ಸುವರ್ಣಾ ಕೂಸಿನ ಬಗ್ಗೆ ಏನೋ ಕೇಳುತ್ತಿದ್ದಳು. ಫಿಲೋಮಿನಾ ಪಕ್ಕದಲ್ಲೇ ಇದ್ದಳು. “ಕೂಸಿಗೆ ನೀರು...” ಎಂದ ಸುವರ್ಣಾಳ ಮಾತು ಅಲ್ಲಿಗೇ ನಿಂತಿತು. ಕಣ್ಣು ಮೇಲಕ್ಕೆ ಹೋಯಿತು. ಮಾನಿಟರಿನ ಗೆರೆ ಲಯ ತಪ್ಪಿ, ಹುಚ್ಚು ಹಿಡಿದಂತೆ ಅಲುಗತೊಡಗಿತು. ಇದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎನ್ನುತ್ತೇವೆ. ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತದೆ. ರಕ್ತ ಒಂದು ಹನಿಯೂ ಮುಂದೆ ಹೋಗುವುದಿಲ್ಲ. ಊರಲ್ಲಿ ಯಾರಾದರೂ ಕೂತಲ್ಲೇ ಹೋದರು ಅಂದರೆ ಬಹಳ ಸಲ ಆಗಿರುವುದು ಇದೇ. ಕೆಲವೇ ನಿಮಿಷಗಳ ಆಟ.

ನಾನು ಎದೆ ಒತ್ತತೊಡಗಿದೆ. ಫಿಲೋಮಿನಾ ದಿಂಬಿನ ಕೆಳಗಿದ್ದ ಕುಡಗೋಲನ್ನು ಎಳೆದು ಮೂಲೆಗೆ ಎಸೆದಳು. ಡಿಫಿಬ್ರಿಲೇಟರಿನ ಎರಡು ಹಿಡಿಗಳಿಗೂ ಜೆಲ್ಲಿ ಬಳಿದು ನನ್ನ ಕೈಗೆ ಕೊಟ್ಟಳು. ಮೊದಲ ಪೆಟ್ಟಿಗೆ ಗೆರೆ ಬದಲಾಗಲಿಲ್ಲ. ಶಕ್ತಿ ಹೆಚ್ಚಿಸಿ ಎರಡನೆಯದು ಕೊಟ್ಟೆ. ಗೆರೆ ಚಪ್ಪಟೆಯಾಯಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಆಮೇಲೆ ಒಂದು ಬಡಿತ. ಮತ್ತೊಂದು. ಆಮೇಲೆ ಸಾಲಾಗಿ. ಸುವರ್ಣಾ ಕೆಮ್ಮಿದಳು, ಮುಖ ಗಂಟಿಕ್ಕಿದಳು, ಯಾರೋ ನಿದ್ದೆಗೆಡಿಸಿದಂತೆ ನಮ್ಮನ್ನು ನೋಡಿದಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಬಸವ್ವ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೂಸನ್ನು ಎದೆಗೆ ಅವುಚಿಕೊಂಡಿದ್ದಳು. ಅತ್ತಾಳು, ಬೈದಾಳು ಅಂದುಕೊಂಡೆ. ಅವಳು ಫಿಲೋಮಿನಾಳನ್ನು ಕೇಳಿದ್ದು ಒಂದೇ ಮಾತು.

“ನರ್ಸಬಾಯಿ, ಅದನ್ನ ಬೆಚ್ಚಗ ಮಾಡಿ ಹಚ್ಚಿದ್ಯೇನು?”

“ಬೆಚ್ಚಗ ಇತ್ತು ಆಯಿ.”

ಅದು ಸಮಾಧಾನದ ಸುಳ್ಳಾಗಿರಲಿಲ್ಲ. ಆಮೇಲೆ ನೋಡಿದೆ, ಟ್ಯೂಬಿನ ಟ್ರೇಯಲ್ಲಿ ಅವಳು ಬೆಳಗಿನಿಂದ ಆಗಾಗ ಬಿಸಿನೀರು ಬದಲಿಸುತ್ತಲೇ ಇದ್ದಳು. ಈ ತಾಯಿ ಮತ್ತೆ ಕೇಳಿಯೇ ಕೇಳುತ್ತಾಳೆಂದು ಅವಳಿಗೆ ಗೊತ್ತಿತ್ತಂತೆ.

ಮುಂದಿನ ವಾರ ಸುವರ್ಣಾಳನ್ನು ಬೆಳಗಾವಿಗೆ ಕಳಿಸಿದೆವು. ಅಲ್ಲಿ ಆಂಜಿಯೋಗ್ರಾಂ ಮಾಡಿದರು. ಎಂದರೆ ರಕ್ತನಾಳದೊಳಗೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಅದರ ಹರಿವು ನೋಡುವುದು. ಅಲ್ಲಿಯ ಹಿರಿಯ ಹೃದ್ರೋಗ ತಜ್ಞರು ಫೋನು ಮಾಡಿದರು. “ಕೊಬ್ಬಿನ ಸುಳಿವೇ ಇಲ್ಲ ಡಾಕ್ಟರೇ. ನಾಳದ ಒಳಪದರ ಸೀಳಿದೆ. ಸ್ಟ್ರೆಪ್ಟೊಕೈನೇಸ್ ಕೊಟ್ಟಿದ್ರೇನು?”

“ಇಲ್ರಿ.”

“ಒಳ್ಳೇದಾತು. ಕೊಟ್ಟಿದ್ದರೆ ಸೀಳು ಇನ್ನೂ ಉದ್ದ ಹರಿಯುವ ಸಂಭವ ಇತ್ತು.”

ನಾನು ಕೊಡದಿದ್ದದ್ದು ಆ ತಿಳುವಳಿಕೆಯಿಂದಲ್ಲ, ಹಸಿ ಬಾಣಂತಿ ಎಂಬ ಕಾರಣಕ್ಕೆ ಎಂದೆ. “ಇರಲಿ ಬಿಡ್ರಿ, ಪೇಷಂಟ್ ಕಾರಣ ಕೇಳೂದಿಲ್ಲ” ಎಂದು ನಕ್ಕರು.

ಈ ಕಾಯಿಲೆಯ ಹೆಸರು ಸ್ಪಾಂಟೇನಿಯಸ್ ಕರೋನರಿ ಆರ್ಟರಿ ಡಿಸೆಕ್ಷನ್, ತಾನಾಗಿ ಆಗುವ ಕರೋನರಿ ನಾಳದ ಸೀಳು. ಚಿಕ್ಕ ವಯಸ್ಸಿನವರ ಹಠಾತ್ ಸಾವಿಗೆ ಇಂಥ ವಿರಳ ಕಾರಣಗಳು ಕೆಲವಿವೆ. ಕೆಲವರಿಗೆ ಹುಟ್ಟಿನಿಂದಲೇ ಕರೋನರಿ ನಾಳ ತಪ್ಪು ಜಾಗದಿಂದ ಹೊರಟಿರುತ್ತದೆ, ಕೆಲವರಿಗೆ ಅದು ಹೃದಯದ ಸ್ನಾಯುವಿನೊಳಗೆ ಹೂತಿರುತ್ತದೆ, ಇನ್ನು ಕೆಲವರಿಗೆ ಚಿಕ್ಕಂದಿನ ಯಾವುದೋ ಜ್ವರದಲ್ಲಿ ಉಬ್ಬಿ ಹಾಗೇ ಉಳಿದಿರುತ್ತದೆ. ಆದರೆ ಈ ಸೀಳು ಮಾತ್ರ ಹೆಚ್ಚಾಗಿ ಹೆಂಗಸರಿಗೇ ಬರುವಂಥದ್ದು. ಅದರಲ್ಲೂ ಹೆರಿಗೆಯ ಆಚೀಚೆಯ ದಿನಗಳಲ್ಲಿ. ನಾನು ಅಲ್ಲಿಯವರೆಗೆ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಸಂತೋಷದ ಮಾತೆಂದರೆ, ಬದುಕಿ ಉಳಿದವರಲ್ಲಿ ಈ ಸೀಳು ಬಹುಮಟ್ಟಿಗೆ ತಾನಾಗಿಯೇ ಮಾಯುತ್ತದೆ. ಬೇಕಾದದ್ದು ಗುಳಿಗೆ ಮತ್ತು ವಿಶ್ರಾಂತಿ. ವಿಶ್ರಾಂತಿಯ ವಿಷಯ ಬಸವ್ವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬೆಳಗಾವಿಯಿಂದ ಮರಳಿದ ಮೇಲೆ ಬಸವ್ವ ಒಬ್ಬಳೇ ನನ್ನ ಕೋಣೆಗೆ ಬಂದಳು. ಮಗಳಿಗೆ ಆದದ್ದೇನು, ತಿಳಿಯುವಂಗ ಹೇಳ್ರಿ ಎಂದಳು. ಬಾಗಿಲ ಹಿಂದೆ ನನ್ನ ಕೋಟು ತೂಗುಹಾಕಿತ್ತು. ಒಳಗೆ ಅಸ್ತರ ಹರಿದಿದ್ದ ಅದರ ತೋಳನ್ನು ಹೊರಳಿಸಿ ತೋರಿಸಿದೆ.

“ಇದು ಮ್ಯಾಲಿನ ಅರಿವಿ, ಇದು ಒಳಗಿನ ಅಸ್ತರ. ಅಸ್ತರ ಹರದಿದ್ರ ಏನಾಗತೈತಿ? ಕೋಟ ಹಾಕ್ಕೊಳಾಕ ಹೋದ್ರ ಕೈ ತೋಳಿನ್ಯಾಗ ಹೋಗೂದಿಲ್ಲ, ಅಸ್ತರದ ಸಂದಿಗೆ ಹೋಗಿ ಸಿಕ್ಕೋತೈತಿ. ಹಂಗ ರಕ್ತ ಸಿಕ್ಕೊಂಡಿತ್ತು.”

ಬಸವ್ವ ಅಸ್ತರದ ಸಂದಿಯಲ್ಲಿ ತನ್ನ ಕೈ ತೂರಿಸಿ ನೋಡಿದಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು.

“ನನಗೊಬ್ಬಾಕಿ ಅಕ್ಕ ಇದ್ದಳ್ರಿ. ನೀಲವ್ವಂತ” ಎಂದಳು. “ಚೊಚ್ಚಲ ಬಾಣಂತಿ. ಗಟ್ಟಿಮುಟ್ಟ ಇದ್ದಳು. ಉಣ್ಣಾಕ ಕುಂತಾಕಿ ತುತ್ತು ಕೈಯಾಗ ಹಿಡಕೊಂಡ ಹಂಗ ವಾಲಿದಳು, ಏಳಲಿಲ್ಲ. ಬಾಣಂತಿ ಕ್ವಾಣಿ ಕಿಡಕಿ ತಗದಿತ್ತು, ಗಾಳಿ ಹೊಡದ ಹೋದಳಂತ ಎಲ್ಲಾರೂ ಅಂದ್ರು.”

ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂರಲಿಲ್ಲ.

“ಕಿಡಕಿ ತಗದಾಕಿ ನಾನ್ರಿ. ಸಣ್ಣಾಕಿ ಇದ್ದೆ. ಕೂಸಿನ ಮಾರಿ ಕತ್ತಲದಾಗ ಕಾಣವಲ್ದಾಗಿತ್ತು, ನೋಡೂಣಂತ ತಗದೆ.” ಕೋಟಿನ ತೋಳನ್ನು ಮೆಲ್ಲಗೆ ಸರಿಮಾಡಿ ಬಿಟ್ಟಳು. “ಆಕೀಗೂ ಇದ ಆಗಿತ್ತೇನ್ರಿ?”

ಡಾಕ್ಟರಿಗೆ ಇಂಥ ಹೊತ್ತಿನಲ್ಲಿ ಹೌದು ಎಂದುಬಿಡುವ ಆಸೆಯಾಗುತ್ತದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನಬಾರದು. “ಆಗಿರಬಹುದು ಯವ್ವಾ. ಇಷ್ಟ ವರ್ಷದ ಮ್ಯಾಲ ಖರೇ ಹೇಳಾಕ ಬರೂದಿಲ್ಲ. ಆದರ ಒಂದ ಮಾತು ಖಾತ್ರಿಲೆ ಹೇಳ್ತೇನಿ. ಕಿಡಕ್ಯಾಗಿನ ಗಾಳಿಗೆ ಎದಿ ನಿಲ್ಲೂದಿಲ್ಲ. ಯಾರದೂ ನಿಂತಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಂದಾಗ ಮೂಲೆಯಲ್ಲಿಟ್ಟಿದ್ದ ಕುಡಗೋಲು ತೆಗೆದುಕೊಂಡು ಹೋದಳು. ಉಪ್ಪಿನ ಗಂಟು, ಇದ್ದಿಲಿನ ಚೀಲ, ತುರುಕಿದ ಬಟ್ಟೆ, ತಣ್ಣಗಿನ ಜೆಲ್ಲಿಗೆ ಹಿಡಿದ ಮಣಿಕಟ್ಟು ಎಲ್ಲಕ್ಕೂ ಅರ್ಥ ನನಗೆ ಆಗ ಹೊಳೆಯಿತು. ನಾನು ಅದನ್ನು ಹಟ ಅಂದುಕೊಂಡಿದ್ದೆ.

ಇನ್ನು ಮುಂದೆ ಬಸಿರು ಬೇಡ, ಮತ್ತೆ ಸೀಳುವ ಅಪಾಯವಿದೆ ಎಂದು ಬೆಳಗಾವಿಯವರು ಹೇಳಿ ಕಳಿಸಿದ್ದರು. ಮಕ್ಕಳಾಗದ ಹಾಗೆ ಮಾಡುವ ಆಪರೇಶನ್ನಿನ ಮಾತು ಬಂದಾಗ ಮಲ್ಲೇಶಿ, “ಆಕೀನ್ನ ಮತ್ತೊಮ್ಮೆ ಮಲಗಸೂದ ಬ್ಯಾಡ್ರಿ. ನಂದ ಮಾಡ್ರಿ” ಎಂದ. ಆ ಕಾಲಕ್ಕೆ ಗಂಡಸರು ಹಾಗೆ ಹೇಳುವುದು ಅಪರೂಪ. ಮಿಲ್ಲಿನಲ್ಲಿ ಜೊತೆಯವರು ಕಾಡಿಸಿದರಂತೆ. ನಿಮ್ಮ ಹೆಂಡರು ಒಂದ ಸಲ ಸತ್ತು ಎದ್ದು ಬರಲಿ, ಆಮೇಲೆ ಮಾತಾಡೂಣು ಅಂದನಂತೆ. ಕೆಲವು ತಿಂಗಳ ಮೇಲೆ ಮತ್ತೆ ಆಂಜಿಯೋಗ್ರಾಂ ಮಾಡಿದಾಗ ನಾಳ ಪೂರ್ತಿ ವಾಸಿಯಾಗಿತ್ತು; ಸೀಳಿದ್ದು ಎಲ್ಲಿ ಎಂದು ಹುಡುಕಬೇಕಿತ್ತು. ನಾನು ದಾಂಡೇಲಿ ಬಿಡುವವರೆಗೂ ಸುವರ್ಣಾ ತಪಾಸಣೆಗೆ ಬರುತ್ತಿದ್ದಳು, ಬೆನ್ನ ಹಿಂದೆ ಎರಡೂ ಹುಡುಗಿಯರು ಜಗಳಾಡುತ್ತ.

ಆ ದಿನದಿಂದ ಬಾಣಂತಿ ಎದೆನೋವು ಅಂದರೆ ನನ್ನ ಕೈ ಮೊದಲು ಹೋಗುವುದು ಇ.ಸಿ.ಜಿ.ಗೆ. ಅದು ಪಾಠದ ಸಣ್ಣ ಭಾಗ. ದೊಡ್ಡದು ಬೇರೆ ಇದೆ. ಜನ ತಮ್ಮ ನೋವಿಗೆ ಕೊಡುವ ಕಾರಣ ತಪ್ಪಿರಬಹುದು. ಹಾಲು ಅನ್ನಬಹುದು, ಗಾಳಿ ಅನ್ನಬಹುದು. ನೋವು ಹೇಗಿದೆ ಎಂದು ಹೇಳುವುದರಲ್ಲಿ ಅವರು ತಪ್ಪುವುದಿಲ್ಲ. ಎದೆಯ ಮೇಲೆ ಮೊಣಕಾಲು ಊರಿ ಕೂತ ಹಾಗೆ ಎಂಬುದಕ್ಕಿಂತ ಚೆನ್ನಾದ ವರ್ಣನೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಮತ್ತೆ, ಜೆಲ್ಲಿ ಬೆಚ್ಚಗೆ ಮಾಡುವುದರಿಂದ ವೈದ್ಯಶಾಸ್ತ್ರಕ್ಕೆ ಯಾವ ನಷ್ಟವೂ ಇಲ್ಲ.

ಬೆಳಗಾವಿಯಿಂದ ಬಂದ ಮೇಲೆ, ತಡವಾಗಿದ್ದ ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಫಿಲೋಮಿನಾಳನ್ನೂ ಕರೆದಿದ್ದರು. ಅಂಬೇವಾಡಿಯ ಆ ಸಣ್ಣ ಮನೆ ಹೆಂಗಸರಿಂದ ತುಂಬಿತ್ತು. ಶೇಗಡಿ ಉರಿಯುತ್ತಿತ್ತು, ಲೋಬಾನದ ಹೊಗೆ ಇತ್ತು, ಸುವರ್ಣಾಳ ಕಿವಿಯಲ್ಲಿ ಹತ್ತಿಯೂ ಇತ್ತು. ಕೂಸಿನ ಕಿವಿಯಲ್ಲಿ ಬಸವ್ವ ಹೆಸರು ಕೂಗಿದಳು: ನೀಲಾ. ಕಿಟಕಿಗೆ ಬಡಿದಿದ್ದ ಕೌದಿ ಮಡಚಿ ತೊಟ್ಟಿಲೊಳಗೆ ಹಾಸಿದ್ದರು. ಕೂಸಿನ ಮುಖದ ಮೇಲೆ ಮಧ್ಯಾಹ್ನದ ಬೆಳಕು ಬಿದ್ದಿತ್ತು.

ನೆರೆಮನೆಯ ಮುದುಕಿಯೊಬ್ಬಳು ಎದ್ದು ಕಿಟಕಿಯ ಕಡೆ ನಡೆದಳು. “ಬಸವ್ವಾ, ಇದನ್ನ ಮುಚ್ಚಬಾರ್ದೇನಬೇ? ಬಾಣಂತಿಗೆ ಗಾಳಿ ಬಡೀತೈತಿ.”

ಬಸವ್ವ ತೊಟ್ಟಿಲ ಹಗ್ಗ ಬಿಡಲಿಲ್ಲ.

“ಇರಲಿ ಬಿಡಬೇ” ಎಂದಳು. “ಕೂಸಿನ ಮಾರಿ ಕಾಣಲಿ.”